ಐದು ಲಕ್ಷದ ಕಾರ್ಡು ಬೆಡ್ಡಿಗೆ, ಗುಳಿಗೆಗೆ ಬಾಗಿಲು ಬೇರೆ

ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇರೋರು ಮೂವರು. ನಾನು, ನಮ್ಮವ್ವ, ನಮ್ಮ ಕಾಕಾ. ಕಾಯಿಲೆ ಒಂದೇ, ಆದರೆ ಮೂವರ ಕಿಸೆಯಲ್ಲೂ ಬೇರೆ ಬೇರೆ ಕಾರ್ಡು. ನಾನು ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ವಾಲ್ವ್ ಫ್ಯಾಕ್ಟರಿಯ ಸ್ಟೋರ್ ಕೀಪರ್. ನನ್ನದು ಇಎಸ್‌ಐ, ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. ಅವ್ವ ನರಗುಂದದ ಹತ್ತಿರ ನಮ್ಮೂರಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅವಳದು ಬಿಪಿಎಲ್ ರೇಷನ್ ಕಾರ್ಡಿನ ಮೇಲೆ ಮಾಡಿಸಿದ ಆಯುಷ್ಮಾನ್ ಕಾರ್ಡು. ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಅವರ ಹತ್ತಿರ ಉಮೀದ್ ಅನ್ನೋ ರೈಲ್ವೆಯ ಆರೋಗ್ಯ ಕಾರ್ಡು.

ಮೂರೂ ಕಾರ್ಡಿನ ಕಾಗದಪತ್ರ ನೋಡೋ ಕೆಲಸ ನನ್ನ ತಲೆಗೇ ಬಂದಿದೆ. ಸ್ಟೋರ್ ಕೀಪರ್ ಅಲ್ವಾ, ಯಾವ ಮಾಲು ಎಲ್ಲಿದೆ ಅಂತ ಇವನಿಗೇ ಗೊತ್ತಿರುತ್ತೆ ಅಂತ ಎಲ್ಲರ ಲೆಕ್ಕ. ಅದರಿಂದ ತಿಳಿದುಕೊಂಡ ಕೆಲವು ಸಂಗತಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಯಾರಿಗೆ ಶುಗರ್ ಬಂದರೂ ಮೊದಲು ಕೇಳಿಬರೋ ಮಾತು, "ಐದು ಲಕ್ಷದ ಕಾರ್ಡ್ ಐತಲ್ಲ, ಚಿಂತಿ ಯಾಕ?" ಅಣ್ಣನೂ ಹಾಗೇ ಅಂದಿದ್ದ. ಆ ಕಾರ್ಡು ದೊಡ್ಡ ಆಸರೆ, ಇಲ್ಲ ಅನ್ನಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಆದರೆ ಇದು ದವಾಖಾನೆಯಲ್ಲಿ ದಾಖಲಾದವರಿಗೆ ಇರೋ ಯೋಜನೆ. ಆಪರೇಷನ್ನು, ಐಸಿಯು, ಬೆಡ್ಡು. ಶುಗರ್ ಇಳಿಸೋ ಮೆಟ್‌ಫಾರ್ಮಿನ್‌ನಂಥ ತಿಂಗಳ ಗುಳಿಗೆಗೆ ಈ ಕಾರ್ಡು ಮೆಡಿಕಲ್ ಶಾಪಿನಲ್ಲಿ ತೋರಿಸಿದರೆ ಆತ ನಗುತ್ತಾನೆ.

ಶುಗರ್ ಅಂದರೆ ಬೆಡ್ಡಿನ ಕಾಯಿಲೆ ಅಲ್ಲ. ದಿನಾ ಬೆಳಿಗ್ಗೆ ಎದ್ದು ಗುಳಿಗೆ ನುಂಗೋ ಕಾಯಿಲೆ. ಅದು ಬೆಡ್ಡಿಗೆ ಬಂತು ಅಂದರೆ ಕಾಲು, ಕಿಡ್ನಿ, ಹೃದಯ ಯಾವುದೋ ಒಂದು ಕೈಕೊಟ್ಟಿದೆ ಅಂತ ಅರ್ಥ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಶುಗರ್ ಬಂದರೆ ನಾನು ಕೇಳೋ ಮೊದಲ ಪ್ರಶ್ನೆ ಬೇರೆ. ಪ್ರತಿ ತಿಂಗಳು ಗುಳಿಗೆ ಎಲ್ಲಿಂದ ಬರುತ್ತೆ? ಮೂರು ತಿಂಗಳಿಗೊಮ್ಮೆ ರಕ್ತ ಯಾರು ನೋಡ್ತಾರೆ?

ಅವ್ವನ ಕಾರ್ಡು ಕೆಲಸಕ್ಕೆ ಬಂದದ್ದು ಒಂದು ಮುಳ್ಳಿನಿಂದ. ಹತ್ತಿ ಬಿಡಿಸೋಕೆ ಹೊಲಕ್ಕೆ ಹೋದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದಿದೆ. ಅವಳಿಗೆ ಗೊತ್ತೇ ಆಗಿಲ್ಲ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರ ಸೋಲುತ್ತವೆ, ನೋವೇ ತಿಳಿಯಲ್ಲ. ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಗೊತ್ತಾಗದೆ ಮುಂದೆ ನಡೆಯೋರನ್ನ ನೋಡಿದ್ದೇನೆ. ಅತ್ತಿಗೆ ಒಂದು ದಿನ ಹಾಸಿಗೆ ಮಡಚುವಾಗ ಚಾದರದ ಮೇಲೆ ಕೀವಿನ ಕಲೆ ಕಂಡು ಅವ್ವನ ಕಾಲು ತಿರುಗಿಸಿ ನೋಡಿದಳು. ಹಿಮ್ಮಡಿ ಪಕ್ಕ ರೂಪಾಯಿ ಅಗಲ ಕಪ್ಪಗಾಗಿತ್ತು.

ತಾಲೂಕು ದವಾಖಾನೆಯವರು ರೆಫರ್ ಬರೆದುಕೊಟ್ಟರು, ಗದಗಿನ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಅಡ್ಮಿಟ್ ಆಯಿತು. ಈ ರೆಫರ್ ಚೀಟಿ ಬಹಳ ಮುಖ್ಯ. ಯೋಜನೆಯ ದಾರಿ ಮೊದಲು ಸರ್ಕಾರಿ ದವಾಖಾನೆ, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆ. ಜೀವಕ್ಕೆ ಅಪಾಯ ಇರೋ ತುರ್ತು ಕೇಸಿಗೆ ಮಾತ್ರ ನೇರ ಹೋಗಬಹುದು. ಸುಮ್ನೆ ಗಾಡಿ ಮಾಡಿಕೊಂಡು ಖಾಸಗಿಗೆ ಹೋಗಿ, ಬಿಲ್ ಆದ ಮೇಲೆ ಕಾರ್ಡು ತೆಗೆದರೆ ಆಗಲ್ಲ. ಅವ್ವನ ಕಾಲು ಉಳಿಯಿತು. ಕೊಳೆತ ಮಾಂಸ ತೆಗೆದು ಡ್ರೆಸ್ಸಿಂಗ್ ಮಾಡಿ ಕಳಿಸಿದರು. ಬಿಡುಗಡೆ ಆಗುವಾಗ ಅವ್ವ ಕೇಳಿದ್ದು ಇಷ್ಟೇ, "ಈ ಕಾರ್ಡ್ ಗುಳಿಗಿನೂ ಕೊಡತೈತೇನೋ?"

ಗುಳಿಗೆಗೆ ಬೇರೆ ಬಾಗಿಲು ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಯಾಕಂದರೆ ಅದಕ್ಕೆ ಲಕ್ಷದ ಲೆಕ್ಕ ಇಲ್ಲ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಒಂದು ಕೋಣೆ ಇರುತ್ತೆ. ಸಾಂಕ್ರಾಮಿಕ ಅಲ್ಲದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ 2010ರಲ್ಲಿ ಶುರು ಮಾಡಿದ ಕಾರ್ಯಕ್ರಮ ಅದು. ಬಿಪಿ, ಶುಗರ್ ನೋಡಿ, ಹೆಸರು ಬರೆದುಕೊಂಡು, ಗುಳಿಗೆ ಪುಕ್ಕಟೆ ಕೊಡುತ್ತಾರೆ. ಹಳ್ಳಿಯ ಉಪಕೇಂದ್ರದಲ್ಲೂ 30 ವರ್ಷ ದಾಟಿದವರಿಗೆ ತಪಾಸಣೆ ಇದೆ. ನಮ್ಮ ರಾಜ್ಯದ್ದು ಗೃಹ ಆರೋಗ್ಯ ಅಂತ ಇನ್ನೊಂದು, 2024ರಲ್ಲಿ ಕೋಲಾರದಿಂದ ಶುರುವಾದದ್ದು, ಅದರಲ್ಲಿ ಮನೆ ಬಾಗಿಲಿಗೇ ಬಂದು ನೋಡುತ್ತಾರೆ. ಪಟ್ಟಣದವರಿಗೆ ನಮ್ಮ ಕ್ಲಿನಿಕ್ ಇದೆ. 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಚಾಲನೆ ಕೊಟ್ಟಿದ್ದು ನಮ್ಮ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲೇ.

ಅವ್ವ ತಿಂಗಳಿಗೊಮ್ಮೆ ನರಗುಂದಕ್ಕೆ ಹೋಗುತ್ತಾಳೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಇಲ್ಲ. ಇದನ್ನ ಯಾರೂ ಆರೋಗ್ಯ ಯೋಜನೆ ಅನ್ನಲ್ಲ. ಆದರೆ ಮೊದಲು "ಬಸ್ಸಿಗೆ ರೊಕ್ಕ ಹಾಕಿ ಗುಳಿಗಿ ತರೂದಾ?" ಅಂತ ಎಷ್ಟೋ ಸಲ ತಪ್ಪಿಸಿದವಳು ಈಗ ತಪ್ಪಿಸಲ್ಲ. ಜೊತೆಗೆ ಓಣಿಯ ಗೆಳತಿಯರೂ ಇರುತ್ತಾರೆ. ದವಾಖಾನೆ ಮುಗಿಸಿ ಸಂತೆ ಮಾಡಿಕೊಂಡು ಬರುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಕೆಲವು ಸಲ ಒಂದು ಗುಳಿಗೆ ಇದ್ದರೆ ಇನ್ನೊಂದು ಇರಲ್ಲ. "ಸ್ಟಾಕ್ ಇಲ್ಲಬೇ, ಬರೂ ವಾರ ಬಾ" ಅಂತಾರೆ. ನಮ್ಮ ಮನೆಯಲ್ಲಿ ನಡೆದ ಅನಾಹುತ ಶುರುವಾದದ್ದು ಇಂಥ ಒಂದು ವಾರದಲ್ಲಿ.

ಗುಳಿಗೆ ಸಿಗಲಿಲ್ಲ ಅಂತ ಅಣ್ಣ ಅವ್ವನನ್ನ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಒಂದು ಗುಳಿಗೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಮುಂದಿನ ವಾರ ತಾಲೂಕಿನಲ್ಲೂ ಸ್ಟಾಕ್ ಬಂತು, ಅವ್ವ ಅದನ್ನೂ ತಂದಳು. ಒಂದರ ಬಣ್ಣ ಬಿಳಿ, ಇನ್ನೊಂದರದು ಹಳದಿ. ಹೆಸರು ಬೇರೆ, ಅಂದ ಮೇಲೆ ಔಷಧಿ ಬೇರೆ ಅಂತ ಅವಳ ಲೆಕ್ಕ. ಎರಡನ್ನೂ ನುಂಗಿದಳು. ಖಾಸಗಿಯವರು ಕೊಟ್ಟದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿಸಿದ ಗುಳಿಗೆ. ಸರ್ಕಾರಿಯಲ್ಲಿ ಕೊಟ್ಟದ್ದೂ ಅವೇ ಎರಡು, ಬಿಡಿಬಿಡಿಯಾಗಿ. ಅಂದರೆ ಡೋಸು ಡಬಲ್.

ನಾನು ಆ ಭಾನುವಾರ ಊರಲ್ಲೇ ಇದ್ದೆ. ಮಧ್ಯಾಹ್ನ, ಊಟಕ್ಕೆ ಇನ್ನೂ ಹೊತ್ತಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಮೊರ ಕೈಯಿಂದ ಜಾರಿತು. ಕಾಳೆಲ್ಲ ನೆಲದ ಮೇಲೆ. ಬೈಬೇಕಾದವಳು ಸುಮ್ಮನೆ ನೋಡುತ್ತಾ ಕೂತಳು. ಹಣೆ ತುಂಬ ಬೆವರು, ಕುಪ್ಪಸ ತೊಯ್ದಿದೆ. "ಯವ್ವಾ, ಏನಾತು?" ಅಂದೆ. "ಕೈ ನಡಗಾಕತ್ತಾವೋ, ಕಣ್ಣಿಗೆ ಕತ್ತಲಿ ಬಂದಂಗ ಆಗತೈತಿ" ಅಂದಳು. ಮಾತು ತೊದಲುತ್ತಿತ್ತು. ಅತ್ತಿಗೆ ಬಿಸಿಲಿನ ಝಳ ಅಂದಳು. ಪಕ್ಕದ ಮನೆಯವರು ಬಿಪಿ ಅಂದರು. ನನ್ನ ಬ್ಯಾಗಿನಲ್ಲಿ ಗ್ಲುಕೋಮೀಟರ್ ಇತ್ತು. ಚುಚ್ಚಿ ನೋಡಿದರೆ 56.

70ಕ್ಕಿಂತ ಕೆಳಗೆ ಬಂದರೆ ಶುಗರ್ ಲೋ ಅಂತ ಲೆಕ್ಕ. ಜಾಸ್ತಿ ಆಗೋದಕ್ಕಿಂತ ಈ ಕಡಿಮೆ ಆಗೋದು ಆ ಗಳಿಗೆಗೆ ಹೆಚ್ಚು ಅಪಾಯ, ಅದರಲ್ಲೂ ವಯಸ್ಸಾದವರಿಗೆ. ಮಾಡೋದು ಸರಳ. ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಚಹಾ ಚಮಚ, ನೀರಿಗೆ ಕಲಸಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70ರ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕೊಡಬೇಕು. ಅತ್ತಿಗೆ ಓಡಿಹೋಗಿ ಧಾರವಾಡ ಪೇಢಾ ತಂದಳು, ನಾನೇ ಹಿಂದಿನ ದಿನ ತಂದಿದ್ದ ಪೊಟ್ಟಣ. ಪೇಢಾ ಬೇಡ ಅಂದೆ. ಅದರಲ್ಲಿ ಖೋವಾದ ಜಿಡ್ಡು ಇರುತ್ತೆ, ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. ಬರೀ ಸಕ್ಕರೆ ನೀರೇ ಬೇಗ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ನೇರ ದವಾಖಾನೆಗೇ ಒಯ್ಯಬೇಕು.

ಅವ್ವ ಚೇತರಿಸಿಕೊಂಡಳು. ಮೊದಲು ಕೇಳಿದ್ದು ಕಾಳು ಯಾರು ಚೆಲ್ಲಿದ್ದು ಅಂತ. ರೊಟ್ಟಿ ಉಣಿಸಿ ಸಂಜೆವರೆಗೂ ಮತ್ತೆ ಮತ್ತೆ ಚುಚ್ಚಿ ನೋಡಿದೆವು. ಗ್ಲಿಮೆಪಿರೈಡ್ ಜಾತಿಯ ಗುಳಿಗೆಯ ಪರಿಣಾಮ ಗಂಟೆಗಟ್ಟಲೆ ಇರುತ್ತೆ, ಒಮ್ಮೆ ಏರಿದ್ದು ಮತ್ತೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಾಮಾನ್ಯವಾಗಿ ಹೀಗೆ ಆಗಲ್ಲ. ಸಂಜೆ ಅವಳ ಗುಳಿಗೆ ಚೀಲ ನೆಲದ ಮೇಲೆ ಸುರಿದೆ. ಅದರಲ್ಲಿ ಏನಿಲ್ಲ? ಮೊಣಕಾಲು ನೋವಿನದು, ಯಾರೋ ಕೊಟ್ಟ ಗ್ಯಾಸಿನದು, ಸತ್ತುಹೋದ ಅಪ್ಪನ ಬಿಪಿ ಗುಳಿಗೆ ಕೂಡ.

ಒಂದು ಬಾಗಿಲಿನವರಿಗೆ ಇನ್ನೊಂದು ಬಾಗಿಲಿನವರು ಏನು ಕೊಟ್ಟಿದ್ದಾರೆ ಅಂತ ಗೊತ್ತಿರಲ್ಲ. ಡಾಕ್ಟರು ಕೇಳಿದರೂ ಅವ್ವನಂಥವರು "ಬಿಳೀದು ಒಂದು, ದುಂಡಂದು ಒಂದು" ಅಂತಾರೆ. ಆಮೇಲಿಂದ ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು, ಅದನ್ನ ಬಿಡಬೇಕು. ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಅಸಲಿ ಹೆಸರು, ಎಷ್ಟು ಎಂಜಿ ಅಂತ ಇರುತ್ತೆ. ಅದನ್ನ ಮಗಳು ಕನ್ನಡದಲ್ಲಿ ಎಪ್ಪತ್ತು ಪೇಜಿನ ಒಂದು ನೋಟ್‌ಬುಕ್ಕಿಗೆ ಬರೆಯುತ್ತಾಳೆ. ಬಲಗಡೆ ಹಾಳೆಯಲ್ಲಿ ಶುಗರ್ ರೀಡಿಂಗ್. ಎಲ್ಲಿಗೆ ಹೋದರೂ ಆ ಬುಕ್ಕು ಮೊದಲು ಟೇಬಲ್ ಮೇಲೆ ಇಡಬೇಕು. ತಾಲೂಕಿನ ನರ್ಸಮ್ಮ ಅದನ್ನ ನೋಡಿ, "ಚಲೋ ಆತು ನೋಡ್ರಿ, ನಮಗೂ ಹಗುರಾತು" ಅಂದರು.

ಕಾಕಾನ ಬುಕ್ಕು ಮಾತ್ರ ಅವರೇ ಬರೀತಾರೆ. ವರ್ಕ್‌ಶಾಪಿನ ಶಿಸ್ತು. ರೈಲ್ವೆಯಲ್ಲಿ ರಿಟೈರ್ ಆಗುವಾಗ ಒಮ್ಮೆ ದುಡ್ಡು ಕಟ್ಟಿ ಆರೋಗ್ಯ ಯೋಜನೆಗೆ ಸೇರಿಕೊಂಡರೆ ಗಂಡ ಹೆಂಡತಿ ಇಬ್ಬರಿಗೂ ಮುಂದೆ ರೈಲ್ವೆ ಆಸ್ಪತ್ರೆಯ ಸೌಲಭ್ಯ, ಹೊರರೋಗಿ ಗುಳಿಗೆ ಕೂಡ. ನಮ್ಮ ಮೂವರಲ್ಲಿ ಅವರದೇ ರಾಜಯೋಗ. ಹೃದಯದ ತೊಂದರೆಯೂ ಇರೋದರಿಂದ ಅವರಿಗೆ ಎಂಪಾಗ್ಲಿಫ್ಲೋಜಿನ್ ಅಂತ ಒಂದು ಗುಳಿಗೆ ಇದೆ. ಹೊರಗೆ ಕೊಂಡರೆ ಅದು ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಯವರೂ ತಯಾರಿಸಿ, ಕೆಲವರದು 10 ರೂಪಾಯಿ ಒಳಗೆ ಬಂತು. ಇದನ್ನ ಯಾಕೆ ಹೇಳಿದೆ ಅಂದರೆ, ಹಳೇ ಚೀಟಿ ಹಿಡಿದುಕೊಂಡು ಈಗಲೂ ಹಳೇ ರೇಟಿನ ಬ್ರಾಂಡನ್ನೇ ಕೊಳ್ಳೋರು ಇದ್ದಾರೆ. ಡಾಕ್ಟರನ್ನ ಒಂದು ಮಾತು ಕೇಳಿ, ಅದೇ ಔಷಧಿ ಅಗ್ಗದ್ದು ಇದೆಯಾ ಅಂತ. ಜನೌಷಧಿ ಅಂಗಡಿಯಲ್ಲಿ ಯಾವ ಕಾರ್ಡೂ ಬೇಡ, ಚೀಟಿ ಇದ್ದರೆ ಸಾಕು.

ಊಟದ ವಿಷಯ ಬರೆದರೆ ಜಗಳ ಆಗುತ್ತೆ, ಆದರೂ ಸ್ವಲ್ಪ ಬರೀತೇನೆ. "ಜೋಳದ ರೊಟ್ಟಿ ಉಣ್ಣೋರಿಗೆ ಶುಗರ್ ಬರಲ್ಲ" ಅನ್ನೋದು ನಮ್ಮ ಕಡೆಯ ಹೆಮ್ಮೆ. ಅನ್ನಕ್ಕಿಂತ ರೊಟ್ಟಿ ಒಳ್ಳೇದು, ನಾರು ಜಾಸ್ತಿ, ನಿಜ. ಆದರೆ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 30 ಗ್ರಾಂ ಮೇಲೆ ಪಿಷ್ಟ ಇರುತ್ತೆ. ಹೊಲದಲ್ಲಿ ದುಡಿಯುವಾಗ ನಮ್ಮಜ್ಜ ನಾಲ್ಕು ರೊಟ್ಟಿ ಉಂಡು ಅರಗಿಸಿಕೊಂಡ. ಕುರ್ಚಿಯಲ್ಲಿ ಕೂತು ಸ್ಟೋರಿನ ಮಾಲಿನ ಲೆಕ್ಕ ಬರೆಯೋ ನನಗೆ ಎರಡೇ ಸಾಕು. ಜೊತೆಗೆ ಹೆಸರುಕಾಳು ಪಲ್ಯ, ಹಸಿ ಮೆಂತ್ಯ, ಸೌತೆಕಾಯಿ, ಮೊಸರು. ಇನ್ನು ಬೆಲ್ಲ ಆದರೆ ನಡೆಯುತ್ತೆ ಅಂತ ಪಂಚಮಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಒಂದರ ಮೇಲೊಂದು ಬರುತ್ತವೆ. ರಕ್ತಕ್ಕೆ ಬೆಲ್ಲ ಸಕ್ಕರೆ ಎರಡೂ ಒಂದೇ. ನಾನು ಒಂದು ಉಂಡಿ ತಿನ್ನುತ್ತೇನೆ, ಆ ಹೊತ್ತಿನ ಒಂದು ರೊಟ್ಟಿ ಬಿಡುತ್ತೇನೆ, ಊಟ ಆದ ಮೇಲೆ ಓಣಿಯಲ್ಲಿ ಒಂದು ಸುತ್ತು ನಡೆಯುತ್ತೇನೆ. ಪಂಚಮಿಗೆ ಉಂಡಿ ತಿನ್ನಬೇಡ ಅನ್ನೋ ಡಾಕ್ಟರು ನಮ್ಮ ಕಡೆಯವರಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯ ಒಂದು ರೀಡಿಂಗ್ ಚೆನ್ನಾಗಿ ಬಂದರೆ ಕುಣಿಯೋರಿಗೆ ಒಂದು ಮಾತು. ದವಾಖಾನೆಗೆ ಹೋಗೋ ಎರಡು ದಿನ ಮುಂಚೆ ಪಥ್ಯ ಮಾಡಿದರೆ ಆ ನಂಬರ್ ಇಳಿಯುತ್ತೆ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆಯ ನಂಬರ್ ಇಳಿಯಲ್ಲ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ, ಯಾಕಂದರೆ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಷ್ಟೂ ದಿನ ಅಂಟಿಕೊಂಡ ಸಕ್ಕರೆಯ ಲೆಕ್ಕ ಅದರಲ್ಲಿರುತ್ತೆ. 5.7ರ ಒಳಗಿದ್ದರೆ ಸರಿ, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶುಗರ್. ಮಧ್ಯದವರು ಹೊಸ್ತಿಲ ಮೇಲಿದ್ದಾರೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು, ಅದರ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಶುಗರ್ ಇದೆ, ಹೊಸ್ತಿಲ ಮೇಲಿರೋರು ಅದಕ್ಕಿಂತ ಜಾಸ್ತಿ, 13.6 ಕೋಟಿ. ಶುಗರ್ ಬಂದವರ ಗುರಿ ಸಾಮಾನ್ಯವಾಗಿ 7ರ ಆಸುಪಾಸು. ಅವ್ವನ ವಯಸ್ಸಿಗೆ ಅಷ್ಟು ಬಿಗಿ ಬೇಡ ಅಂತ ಆ ಭಾನುವಾರದ ಕಥೆ ಕೇಳಿದ ಮೇಲೆ ಡಾಕ್ಟರು ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸೋದು ಮೂವರಿಗೂ ಇದೆ. ಪಾದ ಮಾತ್ರ ದಿನಾ. ಅದಕ್ಕೆ ಯೋಜನೆ ಬೇಡ, ಒಂದು ಸಣ್ಣ ಕನ್ನಡಿ ಸಾಕು.

ಈಗ ನನ್ನ ಕಾರ್ಡಿನ ವಿಷಯ. ಇಎಸ್‌ಐ ಅಂದರೆ ಮೂಗು ಮುರಿಯೋರೇ ಜಾಸ್ತಿ. ಆದರೆ ಶುಗರ್ ಇರೋರಿಗೆ ಇದರಷ್ಟು ಉಪಯೋಗದ್ದು ಕಡಿಮೆ. ಪಗಾರದ 0.75 ಪರ್ಸೆಂಟ್ ನಮ್ಮದು, 3.25 ಮಾಲಕರದು. 20,000 ಪಗಾರ ಇದ್ದರೆ ನಮ್ಮ ಕೈಯಿಂದ 150 ರೂಪಾಯಿ, ಅಷ್ಟೇ. ಅದಕ್ಕೆ ಡಿಸ್ಪೆನ್ಸರಿಯಲ್ಲಿ ಡಾಕ್ಟರು, ರಕ್ತ ಪರೀಕ್ಷೆ, ತಿಂಗಳ ಗುಳಿಗೆ, ಮನೆಯವರಿಗೂ ಸೇರಿ. ಮೊದಲೇ ಕಾಯಿಲೆ ಇತ್ತಾ ಅಂತ ಕೇಳಲ್ಲ. ನಮ್ಮ ಮೇಲೆ ಅವಲಂಬಿಸಿರೋ ತಂದೆತಾಯಿಯ ಆದಾಯ ತಿಂಗಳಿಗೆ 9,000 ದಾಟದಿದ್ದರೆ ಅವರ ಹೆಸರೂ ಸೇರಿಸಬಹುದು. ಆದರೆ ಅವ್ವ ಅಣ್ಣನ ಮನೆ ಬಿಟ್ಟು ಬರಲ್ಲ, ಅದು ಬೇರೆ ಮಾತು. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ರಿಟೈರ್ ಆದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಮುಂದುವರಿಸಿಕೊಳ್ಳಬಹುದು. ಇದು ನಮ್ಮ ಫ್ಯಾಕ್ಟರಿಯ ಎಷ್ಟೋ ಹಿರಿಯರಿಗೆ ಗೊತ್ತೇ ಇರಲಿಲ್ಲ.

ತೊಡಕು ಇರೋದು 21,000ದಲ್ಲಿ. ಪಗಾರ ಅದನ್ನ ದಾಟಿದರೆ ಇಎಸ್‌ಐನಿಂದ ಹೊರಗೆ. ಓವರ್‌ಟೈಮ್ ಆ ಮಿತಿಯ ಲೆಕ್ಕಕ್ಕೆ ಬರಲ್ಲ, ಅದೊಂದು ಸಮಾಧಾನ. ನಾನು ಈಗ ಆ ಗೆರೆಯ ಹತ್ತಿರವೇ ಇದ್ದೇನೆ. ಹಾಗಾಗಿ ಇಎಸ್‌ಐ ಇರುವಾಗಲೇ ಒಂದು ಖಾಸಗಿ ಪಾಲಿಸಿ ತೆಗೆದುಕೊಂಡೆ. ಮೊದಲೇ ಇರೋ ಕಾಯಿಲೆಗೆ ಕ್ಲೇಮ್ ಕೊಡದೆ ಕಾಯಿಸೋ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ. ಅದು ಈಗಿಂದಲೇ ಕಳೆಯುತ್ತಾ ಬರಲಿ ಅಂತ. ಅರ್ಜಿಯಲ್ಲಿ ಶುಗರ್ ಇದೆ ಅಂತ ಬರೆದಾಗ ಏಜೆಂಟ್ ಗಾಬರಿಯಾದ. "ಯಾಕ್ರೀ ಬರೀತೀರಿ, ಪ್ರೀಮಿಯಂ ಏರತೈತಿ." ಏರಲಿ. ಮುಚ್ಚಿಟ್ಟು ಕಟ್ಟಿದ ದುಡ್ಡು ಕ್ಲೇಮ್ ದಿನ ಗೋತಾ ಹೊಡೆದರೆ ಆತ ಫೋನ್ ಎತ್ತಲ್ಲ.

ಇನ್ನೊಂದು ಲೆಕ್ಕವೂ ಇದೆ. ಇಎಸ್‌ಐಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿ ಶುರುವಾದ ಮೇಲೆ ಪಗಾರ 21,000 ದಾಟಿದರೆ ಆ ಅವಧಿ ಮುಗಿಯೋವರೆಗೂ ಒಳಗೇ ಇರುತ್ತೀರಿ. ನಮ್ಮ ಇನ್‌ಕ್ರಿಮೆಂಟ್ ಬರೋದು ಏಪ್ರಿಲ್ ಒಂದಕ್ಕೆ. ಅದೇ ಮೇ ತಿಂಗಳಿಂದ ಕೊಟ್ಟರೆ ನಾನು ಸೆಪ್ಟೆಂಬರ್‌ವರೆಗೂ ಉಳಿಯುತ್ತೇನೆ. ಹೋದ ವಾರ ಎಚ್‌ಆರ್ ಹುಡುಗಿಯನ್ನ ಕೇಳಿದೆ, ಹಂಗೆ ಮಾಡೋಕೆ ಬರುತ್ತಾ ಅಂತ. ಆಕೆ ಕಂಪ್ಯೂಟರಿನಿಂದ ತಲೆ ಎತ್ತಿ, "ಸರ್, ಪಗಾರ ತಡಾ ಮಾಡಿ ಹೆಚ್ಚಿಗಿ ಮಾಡ್ರಿ ಅಂತ ಕೇಳಿದೋರು ನೀವೇ ಮೊದಲನೇದೋರು ನೋಡ್ರಿ" ಅಂದಳು. ಸಾಹೇಬರನ್ನ ಕೇಳಿ ಹೇಳ್ತಾಳಂತೆ.